ಸ್ಟೀಲ್ ಇಡಬಾರದು, ಸರಿ. ಮತ್ತೆ ಮೈಕ್ರೊವೇವ್‌ಗೆ ಯಾವ ಪಾತ್ರೆ ಇಡಬಹುದು?

ಇವತ್ತಿನ ಸಂಚಿಕೆ ಶುರುವಾಗೋದು ಅಮ್ಮನ ಒಂದು ಫೋನ್ ಕಾಲ್‌ನಿಂದ.

ಹೋದ ವರ್ಷ ಶಿವಮೊಗ್ಗದ ನಮ್ಮ ಮನೆಗೆ ಒಂದು ಮೈಕ್ರೊವೇವ್ ಕೊಡಿಸಿದೆ. ಅಮ್ಮನಿಗೆ ಹತ್ತೇ ನಿಮಿಷ ಪಾಠ ಮಾಡಿ, “ಸ್ಟೀಲ್ ಪಾತ್ರೆ ಒಂದು ಇಡಬೇಡ, ಬೇರೆ ಏನಾದ್ರೂ ಇಡು” ಅಂತ ಹೇಳಿ ಬೆಂಗಳೂರಿನ ಬಸ್ಸು ಹತ್ತಿದೆ. ನಾಲ್ಕು ದಿನಕ್ಕೆ ಫೋನ್ ಬಂತು. ಹುಳಿ ಬಿಸಿ ಮಾಡೋಕೆ ಅಮ್ಮ ಮೆಲಮೈನ್ ಬಟ್ಟಲು ಇಟ್ಟಿದ್ರು. ಅದೇ, ಕೆಳಗೆ ಬಿದ್ರೂ ಒಡೆಯಲ್ಲ ಅಂತ ಎಲ್ಲರ ಮನೇಲೂ ಇರುತ್ತಲ್ಲ, ಹೂವಿನ ಚಿತ್ರದ್ದು. ಮೂರು ನಿಮಿಷ ಬಿಟ್ಟು ಬರಿಗೈಯಲ್ಲಿ ತೆಗೆದಿದ್ದಾರೆ. ಎರಡು ಬೆರಳಿಗೆ ಗುಳ್ಳೆ. “ಹುಳಿ ಸರಿಯಾಗಿ ಬಿಸೀನೇ ಆಗಿರ್ಲಿಲ್ಲ ಕಣೋ, ಬಟ್ಟಲು ಮಾತ್ರ ಕೆಂಡದ ಹಾಗಿತ್ತು. ನಾನೇ ಏನೋ ತಪ್ಪು ಒತ್ತಿರ್ಬೇಕು” ಅಂದ್ರು.

ತಪ್ಪು ಅಮ್ಮಂದಲ್ಲ, ನಂದು. ನಾನು ಹೇಳಿಕೊಟ್ಟಿದ್ದು ಅರ್ಧ ಪಾಠ. ಉಳಿದ ಅರ್ಧ ಇವತ್ತು ನೋಡೋಣ.

ಗ್ಯಾಸ್ ಒಲೆ ಮೇಲೆ ಮೊದಲು ಪಾತ್ರೆ ಕಾಯುತ್ತೆ, ಆಮೇಲೆ ಒಳಗಿನ ಅಡುಗೆ. ಮೈಕ್ರೊವೇವ್‌ನಲ್ಲಿ ಇದು ಉಲ್ಟಾ. ಅದರ ತರಂಗಗಳು ಸೆಕೆಂಡಿಗೆ ಸುಮಾರು 245 ಕೋಟಿ ಸಲ ಕಂಪಿಸುತ್ತಾ ಆಹಾರದಲ್ಲಿರೋ ನೀರಿನ ಅಣುಗಳನ್ನ ಅಲುಗಾಡಿಸುತ್ತವೆ. ಆ ಅಲುಗಾಟವೇ ಬಿಸಿ. ಹಾಗಾಗಿ ಒಳ್ಳೆ ಪಾತ್ರೆ ಅಂದ್ರೆ ಕಿಟಕಿ ಗಾಜಿನ ಥರ: ತರಂಗ ಅದನ್ನ ದಾಟಿ ಸೀದಾ ಊಟಕ್ಕೆ ಹೋಗಬೇಕು. ತರಂಗವನ್ನ ಪಾತ್ರೆ ವಾಪಸ್ ಕಳಿಸಿದ್ರೂ ಕಷ್ಟ, ತಾನೇ ಹೀರಿಕೊಂಡ್ರೂ ಕಷ್ಟ.

ವಾಪಸ್ ಕಳಿಸೋದು ಲೋಹ. ಸ್ಟೀಲ್ ಡಬ್ಬಿಯಲ್ಲಿ ಅನ್ನ ಇಟ್ರೆ ತರಂಗ ಡಬ್ಬಿಗೆ ಬಡಿದು ಹಿಂದೆ ಹೋಗುತ್ತೆ, ಅನ್ನ ತಣ್ಣಗೇ ಇರುತ್ತೆ. ಚೂಪು ಅಂಚು, ಸುಕ್ಕಾದ ಫಾಯಿಲ್, ಫೋರ್ಕ್ ಇದ್ರೆ ಕಿಡಿ ಹಾರುತ್ತೆ. ಇಲ್ಲಿ ನಾವು ಮೋಸ ಹೋಗೋದು ಕಣ್ಣಿಗೆ ಬೀಳದ ಲೋಹದಿಂದ. ಪಿಂಗಾಣಿ ಕಪ್ಪಿನ ಅಂಚಿಗೆ ಬಳಿದ ಚಿನ್ನದ ಬಣ್ಣದ ಗೆರೆ, ಪಾರ್ಸೆಲ್ ಪೊಟ್ಟಣಕ್ಕೆ ಹೊಡೆದ ಸ್ಟೇಪ್ಲರ್ ಪಿನ್, ಒಳಗೆ ಬೆಳ್ಳಿ ಹಾಳೆ ಇರೋ ಬಿರಿಯಾನಿ ಕವರ್. ಇವೆಲ್ಲ ಲೋಹವೇ.

ಹೀರಿಕೊಳ್ಳೋದಕ್ಕೆ ಉದಾಹರಣೆ ನಮ್ಮಮ್ಮನ ಬಟ್ಟಲು. ಮೆಲಮೈನ್ ತಾನೇ ಕಾಯುತ್ತೆ. ಅಷ್ಟೇ ಅಲ್ಲ, ಹೆಚ್ಚು ಬಿಸಿಯಾದಾಗ, ಅದರಲ್ಲೂ ಹುಣಸೆ, ಟೊಮೆಟೊ ಥರದ ಹುಳಿ ಪದಾರ್ಥ ಇದ್ದಾಗ, ಅದರ ರಾಸಾಯನಿಕ ಸ್ವಲ್ಪ ಸ್ವಲ್ಪ ಊಟಕ್ಕೆ ಇಳಿಯಬಹುದು. ಮೆಲಮೈನ್ ತಟ್ಟೆ-ಬಟ್ಟಲಲ್ಲಿ ಆಹಾರವನ್ನ ಮೈಕ್ರೊವೇವ್ ಮಾಡಬೇಡಿ ಅಂತ ಅಮೆರಿಕದ ಎಫ್‌ಡಿಎ ಕೂಡ ಹೇಳುತ್ತೆ. ಬಡಿಸೋಕೆ ಬಳಸಿ, ಬಿಸಿ ಮಾಡೋಕೆ ಬೇಡ. ಮೆರುಗು ಇಲ್ಲದ ಮಣ್ಣಿನ ಕುಡಿಕೆಯೂ ಹೀಗೇ. ನೀರು ಕುಡಿದಿರುತ್ತೆ, ಅದಕ್ಕೇ ತಾನೂ ಕಾಯುತ್ತೆ, ಕೆಲವು ಸಲ ಬಿರುಕೂ ಬಿಡುತ್ತೆ.

ಈಗ ಪ್ಲಾಸ್ಟಿಕ್. ಪಿಜಿಯಲ್ಲಿರೋರು ಸ್ವಲ್ಪ ಗಮನ ಕೊಡಿ. ಡಬ್ಬಿ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತೆ. 5 ಅಂದ್ರೆ ಪಾಲಿಪ್ರೊಪಿಲೀನ್. ಬಿಸಿ ತಡೆಯೋ ಡಬ್ಬಿಗಳನ್ನ ಸಾಮಾನ್ಯವಾಗಿ ಇದರಲ್ಲೇ ಮಾಡ್ತಾರೆ. 1 ಅಂದ್ರೆ ನೀರಿನ ಬಾಟಲಿ ಪ್ಲಾಸ್ಟಿಕ್, 6 ಅಂದ್ರೆ ಥರ್ಮಾಕೋಲ್ ಜಾತಿ. ಇವೆರಡೂ ಬೇಡ. ಆದ್ರೆ ಅಂಕಿ ಹೇಳೋದು ಪ್ಲಾಸ್ಟಿಕ್ ಯಾವುದು ಅಂತ ಮಾತ್ರ. 5 ಇದ್ದ ತಕ್ಷಣ ಒಳಗಿಡಬೇಡಿ, ‘ಮೈಕ್ರೊವೇವ್ ಸೇಫ್’ ಅನ್ನೋ ಬರಹ ಅಥವಾ ಅಲೆ ಅಲೆಯಾದ ಗೆರೆಗಳ ಗುರುತು ಇದೆಯಾ ನೋಡಿ. ಐಸ್‌ಕ್ರೀಮ್, ಮೊಸರಿನ ಖಾಲಿ ಡಬ್ಬಿ ತಣ್ಣನೆ ಪದಾರ್ಥಕ್ಕೆ ಅಂತ ಮಾಡಿದ್ದು, ಅದನ್ನ ಅಲ್ಲಿಗೇ ಬಿಡಿ.

ಇನ್ನೊಂದು ವಿಷಯ. ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತೆ, ಎಣ್ಣೆ ಅದನ್ನೂ ದಾಟಿ ಕಾಯುತ್ತೆ. ಅದಕ್ಕೇ ಸಾರಿಗೆ ತಡೆದ ಡಬ್ಬಿ ಎಣ್ಣೆಗಾಯಿ ಇಟ್ಟಾಗ ಎಣ್ಣೆ ನಿಂತ ಕಡೆ ಒರಟಾಗಿ, ಸಣ್ಣ ಸಣ್ಣ ಗುಳಿ ಬೀಳುತ್ತೆ. ಅಂಥ ಡಬ್ಬಿ ಮತ್ತೆ ಬಿಸಿ ಮಾಡೋಕೆ ಯೋಗ್ಯ ಅಲ್ಲ. ಪಾರ್ಸೆಲ್ ಬಂದ್ರೆ ನಾನು ಮಾಡೋದು ಇಷ್ಟೇ: ಗಾಜಿನ ಬಟ್ಟಲಿಗೆ ಸುರಿದುಕೊಂಡು ಬಿಸಿ ಮಾಡ್ತೀನಿ. ತೊಳೆಯೋ ಪಾತ್ರೆ ಒಂದು ಜಾಸ್ತಿ, ಅಷ್ಟೇ.

ಹಾಗಾದ್ರೆ ನಂಬಬಹುದಾದ್ದು ಯಾವುದು? ಬೋರೋಸಿಲಿಕೇಟ್ ಗಾಜು, ಲೋಹದ ಗೆರೆ ಇಲ್ಲದ, ಮೈಕ್ರೊವೇವ್ ಗುರುತಿರೋ ಪಿಂಗಾಣಿ. ಬೋರೋಸಿಲಿಕೇಟ್ ಆದ್ರೂ ಫ್ರಿಜ್‌ನಿಂದ ತೆಗೆದ ತಕ್ಷಣ ಜೋರಾಗಿ ಕಾಯಿಸಬೇಡಿ. ಕಾಫಿ ಕುಡಿಯೋ ಸಾದಾ ಗಾಜಿನ ಲೋಟ ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗೆ ಆದಾಗ ಫಟ್ ಅಂತ ಒಡೆಯಬಹುದು. ಯಾವ ಡಬ್ಬಿ ಇಟ್ರೂ ಮುಚ್ಚಳ ಬಿಗಿಯಾಗಿ ಹಾಕಬೇಡಿ, ಹಬೆಗೆ ದಾರಿ ಬೇಕು.

ಗುರುತೇ ಇಲ್ಲದ ಹಳೇ ಪಿಂಗಾಣಿ ಅಥವಾ ಗಾಜಿನ ಪಾತ್ರೆ ಇದ್ರೆ? ಒಂದು ಸುಲಭ ಪರೀಕ್ಷೆ ಇದೆ. ಮೈಕ್ರೊವೇವ್‌ಗೆ ಸರಿಹೋಗುತ್ತೆ ಅಂತ ಗೊತ್ತಿರೋ ಕಪ್ಪಿನಲ್ಲಿ ನೀರು ತುಂಬಿ ಒಳಗಿಡಿ. ಪಕ್ಕದಲ್ಲಿ ಈ ಖಾಲಿ ಪಾತ್ರೆ ಇಡಿ. ಒಂದು ನಿಮಿಷ ಓಡಿಸಿ, ಪಾತ್ರೆಯನ್ನ ಹುಷಾರಾಗಿ ಮುಟ್ಟಿ ನೋಡಿ. ನೀರು ಬಿಸಿ, ಪಾತ್ರೆ ತಣ್ಣಗೆ ಇದ್ರೆ ಸರಿ. ಪಾತ್ರೆಯೇ ಕಾದಿದ್ರೆ ಬೇಡ. ನೀರಿಲ್ಲದೆ ಓಡಿಸಬೇಡಿ, ಯಂತ್ರ ಹಾಳಾಗುತ್ತೆ. ಲೋಹಕ್ಕೆ, ಪ್ಲಾಸ್ಟಿಕ್‌ಗೆ ಈ ಪರೀಕ್ಷೆ ಬೇಡ. ಪ್ಲಾಸ್ಟಿಕ್ ತಣ್ಣಗಿದ್ದ ಮಾತ್ರಕ್ಕೆ ಅದು ಊಟಕ್ಕೆ ಸುರಕ್ಷಿತ ಅಂತ ಗೊತ್ತಾಗಲ್ಲ.

ಕೊನೇದಾಗಿ ಒಂದು ಎಚ್ಚರಿಕೆ. ಕನ್ವೆಕ್ಷನ್ ಇರೋ ಮಾಡೆಲ್ ಆದ್ರೆ, ಆ ಬಟನ್ ಒತ್ತಿದಾಗ ಅದು ಬಿಸಿಗಾಳಿಯ ಓವನ್ ಆಗುತ್ತೆ. ಆಗ ‘ಮೈಕ್ರೊವೇವ್ ಸೇಫ್’ ಪ್ಲಾಸ್ಟಿಕ್ ಕೂಡ ಕರಗಿಹೋಗಬಹುದು.

ಅಮ್ಮನ ಬೆರಳು ವಾಸಿಯಾಗಿದೆ. ಆ ಹೂವಿನ ಬಟ್ಟಲನ್ನ ಎಸೆದಿಲ್ಲ, ಅದರಲ್ಲೀಗ ನಿಂಬೆಹಣ್ಣು ಇಟ್ಟಿದ್ದಾರೆ. ನಿಮ್ಮ ಮನೆಗೂ ನೀವೇ ಮೈಕ್ರೊವೇವ್ ಕೊಡಿಸಿದ್ರೆ, ಇವತ್ತು ಒಂದು ವಿಡಿಯೊ ಕಾಲ್ ಮಾಡಿ, ಯಾವ ಪಾತ್ರೆ ಒಳಗಿಡ್ತಾರೆ ಅಂತ ತೋರಿಸೋಕೆ ಹೇಳಿ.