ಆಮೆಯ ಗೂಡಿಗೆ ಹೊಳೆಯ ಹೊಯ್ಗೆ

ಚಳಿಗಾಲ ಬಂತೆಂದರೆ ಕುಂದಾಪುರದ ಕೋಡಿಯಿಂದ ಕಡಲಾಮೆ ಮೊಟ್ಟೆಯಿಟ್ಟ ಸುದ್ದಿ ಬರುವುದು ಈಚಿನ ವರ್ಷಗಳಲ್ಲಿ ರೂಢಿಯಾಗಿದೆ. ಬರುವುದು ಆಲಿವ್ ರಿಡ್ಲೆ ಜಾತಿಯ ಆಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ, ಅದಕ್ಕೆ ಜಾಗವಿದೆ. ಸುದ್ದಿ ಮುಟ್ಟಿದೊಡನೆ ಅರಣ್ಯ ಇಲಾಖೆಯವರು ಗೂಡಿನ ಸುತ್ತ ಬಲೆ ಕಟ್ಟುತ್ತಾರೆ, ನಾಯಿ ನರಿ ಬಾರದಂತೆ ಕಾವಲಿಡುತ್ತಾರೆ. ನಿಜಕ್ಕೂ ಮೆಚ್ಚುವ ಕೆಲಸ. ಆದರೆ ಆ ಗೂಡಿರುವುದು ಹೊಯ್ಗೆಯಲ್ಲಿ, ಹೊಯ್ಗೆ ಬಹುಪಾಲು ಬಂದದ್ದು ಹೊಳೆಯಿಂದ. ಗಂಗೊಳ್ಳಿ ಅಳಿವೆಗೆ ಅದನ್ನು ತಂದವು ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ. ತೆಂಕಲಲ್ಲಿ ಕೋಡಿಬೆಂಗ್ರೆಯ ದಡಕ್ಕೆ ತಂದವು ಸ್ವರ್ಣೆ ಮತ್ತು ಬಾರ್ಕೂರಿನ ಬದಿಯಲ್ಲಿ ಹರಿಯುವ ಸೀತಾನದಿ. ಹಾಗಾಗಿ ಕಡಲಾಮೆಯ ಉಸಾಬರಿ ಕಡಲ ಕರೆಯವರಿಗೆ ಮಾತ್ರ ಸೇರಿದ್ದೆಂದು ಬಾರ್ಕೂರಿನವರು ಸುಮ್ಮನಿರುವಂತಿಲ್ಲ. ಹೊಳೆಯನ್ನು ಬಿಟ್ಟು ಗೂಡನ್ನಷ್ಟೇ ಕಾಯುತ್ತೇವೆಂಬ ಲೆಕ್ಕ ತಾಳೆಯಾಗುವುದಿಲ್ಲ.

ಹೊಯ್ಗೆಗೆ ಇಲ್ಲಿ ಎಷ್ಟು ಕೆಲಸವಿದೆ ನೋಡಿ. ತಾಯಿ ಆಮೆ ರಾತ್ರಿ ಭರತದ ಗೆರೆ ದಾಟಿ ಮೇಲೆ ಬರುತ್ತದೆ. ಹಿಂಗಾಲುಗಳಿಂದ ಒಂದಾದ ಮೇಲೊಂದರಂತೆ ಮೊಗೆಮೊಗೆದು ಸುಮಾರು ಮೊಳದಾಳದ, ಬಾಯಿ ಕಿರಿದಾದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಡುತ್ತದೆ. ಮತ್ತೆ ಮುಚ್ಚಿ, ಮೈಯನ್ನು ಆಚೀಚೆ ವಾಲಿಸುತ್ತ ಎದೆಚಿಪ್ಪಿನಿಂದ ಕುಟ್ಟಿ ಗಟ್ಟಿ ಮಾಡಿ ಕಡಲಿಗಿಳಿದರೆ ಅಲ್ಲಿಗೆ ತಾಯಿಯ ಪಾಲು ಮುಗಿಯಿತು. ಮುಂದಿನ 45ರಿಂದ 60 ದಿನ ಕಾವು ಕೊಡುವುದು ಹೊಯ್ಗೆಯೇ. ನೀರು ನಿಂತರೆ ಮೊಟ್ಟೆ ಉಸಿರುಗಟ್ಟಿ ಕೆಡುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನೂ ಗೂಡಿನ ಬಿಸಿಯೇ ತೀರ್ಮಾನಿಸುತ್ತದೆ: 30 ಡಿಗ್ರಿಯ ಆಸುಪಾಸಿನಿಂದ ಮೇಲೇರಿದರೆ ಹೆಣ್ಣು ಹೆಚ್ಚು, ಕೆಳಗಿಳಿದರೆ ಗಂಡು ಹೆಚ್ಚು. ದಡ ಸವೆದು ತೆರೆ ಕಲ್ಲಿನ ತಡೆಗೋಡೆಯ ಬುಡಕ್ಕೇ ಬಡಿಯುವಲ್ಲಿ ಇಷ್ಟೆಲ್ಲ ನಡೆಯಲು ಜಾಗವೇ ಇರುವುದಿಲ್ಲ.

ತಡೆಗೋಡೆ ಬೇಡವೆಂದರೆ ಮರವಂತೆಯ ಮನೆಗಳು ಉಳಿಯುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ಹೆದ್ದಾರಿ ಇರುವ ಊರಿಗೆ ಕಲ್ಲು ಹಾಕಬೇಡಿ ಎನ್ನುವ ಧೈರ್ಯ ಯಾರಿಗೂ ಬರಬಾರದು. ಆದರೆ ಕಡಲ್ಕೊರೆತ ಹೆಚ್ಚಲು ಇರುವ ಕಾರಣಗಳಲ್ಲಿ ಹೊಳೆಯ ಮರಳು ದಡ ಮುಟ್ಟದಿರುವುದೂ ಒಂದು. ಅಣೆಕಟ್ಟು ಒಂದಷ್ಟನ್ನು ಹಿಡಿದಿಡುತ್ತದೆ, ಮರಳುಗಾರಿಕೆ ಒಂದಷ್ಟನ್ನು ಲಾರಿಗೆ ತುಂಬುತ್ತದೆ. ಆಮೆಗೆ ದಡ ಉಳಿಸುವ ಮರಳೇ ಮೀನುಗಾರನ ಅಂಗಳವನ್ನೂ ಉಳಿಸುತ್ತದೆ. ಇವೆರಡನ್ನು ಎದುರಾಳಿಗಳಂತೆ ನಿಲ್ಲಿಸುವುದು ತಪ್ಪು. ಮೊಟ್ಟೆಗಳನ್ನೆಲ್ಲ ಸುರಕ್ಷಿತ ಜಾಗಕ್ಕೆ ಒಯ್ದರಾಯಿತು ಎನ್ನುವವರೂ ಇದ್ದಾರೆ. ತೆರೆಗೆ ಸಿಗುವ ಗೂಡಿಗೆ ಅದು ಬೇಕು, ನಿಜ. ಆದರೆ ಇಟ್ಟು ಕೆಲವು ಗಂಟೆ ಕಳೆದ ಮೇಲೆ ಮೊಟ್ಟೆ ಉರುಳಿದರೆ ಒಳಗಿನ ಭ್ರೂಣ ಸಾಯಬಹುದು, ಜಾಗ ಬದಲಾದರೆ ಗೂಡಿನ ಬಿಸಿಯೂ ಬದಲಾಗಬಹುದು. ಇದ್ದಲ್ಲೇ ಕಾಯುವುದು ಮೊದಲ ಆಯ್ಕೆಯಾಗಬೇಕು. ಒಡಿಶಾದ ಗಹಿರ್‌ಮಠದಲ್ಲಿ ಲಕ್ಷಗಟ್ಟಲೆ ಆಮೆ ಬರುವಾಗ ಇಲ್ಲಿನ ಬೆರಳೆಣಿಕೆಯ ಗೂಡಿಗೆ ಇಷ್ಟು ಪಾಡೇಕೆ? ಹೆಣ್ಣಾಮೆ ಸಾಮಾನ್ಯವಾಗಿ ತಾನು ಹುಟ್ಟಿದ ಸೀಮೆಗೇ ಮರಳಿ ಬಂದು ಮೊಟ್ಟೆಯಿಡುತ್ತದೆ, ಪ್ರಾಯಕ್ಕೆ ಬರಲು ಹತ್ತು ವರ್ಷಕ್ಕೂ ಮಿಕ್ಕಿ ಬೇಕು. ನಮ್ಮ ದಡದ ನಷ್ಟವನ್ನು ಒಡಿಶಾ ತುಂಬಿಕೊಡಲಾರದು.

ಇನ್ನು ಎಣಿಕೆಯ ಮಾತು. 2024ರಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ಕಡೆಯೂ ಗೂಡು ಸಿಕ್ಕಿ ಸಂತೋಷವಾಯಿತು. ಆಮೆ ಹೆಚ್ಚಿತೋ, ಹುಡುಕುವ ಕಣ್ಣು ಹೆಚ್ಚಿತೋ ಎಂದು ಹೇಳಬೇಕಾದರೆ ಅದೇ ದಡವನ್ನು ಪ್ರತಿ ವರ್ಷ, ಅದೇ ತಿಂಗಳುಗಳಲ್ಲಿ, ಬೆಳಗಿನ ಜಾವ ನಡೆದು ನೋಡಿದ ದಾಖಲೆ ಬೇಕು. ಹೊಯ್ಗೆಯ ಮೇಲಿನ ಆಮೆಯ ಜಾಡನ್ನು ಮೊದಲು ಕಾಣುವವರು ಕೈರಂಪಣಿ, ನಾಡದೋಣಿಯವರು. ಗೂಡು ತೋರಿಸಿದ್ದಕ್ಕೆ ಸನ್ಮಾನ ಮಾಡಿದರೆ ಸಾಲದು, ಈ ನಡಿಗೆಗೆ ಅವರಿಗೆ ಸಂಬಳ ಸಿಗಬೇಕು. ಮರಿಗಳು ಬೆಳಕಿರುವತ್ತ ಹರಿಯುವುದರಿಂದ ನವೆಂಬರಿನಿಂದ ಮೇ ತನಕ ದಡದ ದೀಪಗಳಿಗೆ ಮರೆ ಕಟ್ಟಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಕಷ್ಟವಿರುವುದು ಹೊಳೆಯಲ್ಲಿ. ಸೀತಾನದಿಯಿಂದ ಎಷ್ಟು ಮರಳು ಹೋಯಿತೆಂಬ ಗಣಿ ಇಲಾಖೆಯ ಕಡತ, ಕೋಡಿಬೆಂಗ್ರೆಯ ದಡ ಎಷ್ಟು ಅಗಲ ಉಳಿಯಿತೆಂಬ ಅಳತೆ, ಅರಣ್ಯ ಇಲಾಖೆಯ ಗೂಡಿನ ಎಣಿಕೆ, ಮೂರನ್ನೂ ಒಟ್ಟಿಗೆ ಮುಂದಿಟ್ಟುಕೊಂಡ ಮೇಲೆಯೇ ಮುಂದಿನ ಮರಳು ಪರವಾನಗಿಗೆ ರುಜು ಬೀಳಬೇಕು.