ಹಸಿದ ಬ್ಯಾಕ್ಟೀರಿಯಾ ಬೇಲಿಯನ್ನೇ ಮೇಯುವಾಗ

ಊರಿನಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಸಳೆ, ಹರಿವೆ ಉಂಡು ಬೆಳೆದ ಕರಾವಳಿಯ ಕುಟುಂಬಗಳು ಇಂದು ಮುಂಬೈ ಪಕ್ಕದ ಠಾಣೆಯ ಘೋಡಬಂದರ್ ರಸ್ತೆಯ ಟವರ್‌ಗಳಲ್ಲಿವೆ. ಅಲ್ಲಿನ ಗಾಯ್‌ಮುಖದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ರಾತ್ರಿ ತಡವಾಗಿ ಮನೆ ಸೇರುವವರಿಗೆ ಬಿಸ್ಕತ್ತು, ಬ್ರೆಡ್ಡು, ನೂಡಲ್ಸ್ ಸುಲಭ. ಹೊಟ್ಟೆಯೇನೋ ತುಂಬುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಅದು ಉಪವಾಸ.

ದೊಡ್ಡ ಕರುಳಿನಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿ ಬ್ಯಾಕ್ಟೀರಿಯಾಗಳಿವೆ. ಅದರ ಒಳಮೈಯನ್ನು ಮುಚ್ಚಿರುವುದು ಜೀವಕೋಶಗಳ ಒಂದೇ ಒಂದು ಸಾಲು. ಇವೆರಡನ್ನೂ ದೂರವಿಡುವುದು ಲೋಳೆ. ಗಾಬ್ಲೆಟ್ ಎಂಬ ಕೋಶಗಳು ಅದನ್ನು ಬಿಡುವಿಲ್ಲದೆ ಸ್ರವಿಸುತ್ತವೆ. ಈ ಲೋಳೆಯಲ್ಲಿ ಎರಡು ಪದರಗಳಿವೆ ಎಂದು ಸ್ವೀಡನ್ನಿನ ಗುನ್ನಾರ್ ಹಾನ್ಸನ್ ತಂಡ ಇಲಿಗಳಲ್ಲಿ ತೋರಿಸಿದ್ದು 2008ರಲ್ಲಿ. ಸಡಿಲವಾದ ಹೊರಪದರದಲ್ಲಿ ಬ್ಯಾಕ್ಟೀರಿಯಾಗಳ ವಾಸ. ಒತ್ತಾದ ಒಳಪದರಕ್ಕೆ ಅವುಗಳಿಗೆ ಹೆಚ್ಚುಕಡಿಮೆ ಪ್ರವೇಶವೇ ಇಲ್ಲ.

ಹಾಗೆಂದು ಬ್ಯಾಕ್ಟೀರಿಯಾ ಇಲ್ಲದಿದ್ದರೆ ಲೋಳೆ ಚೆನ್ನಾಗಿರುತ್ತದೆಯೇ? ಅದೂ ಇಲ್ಲ. ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಒಳಪದರ ಸರಿಯಾಗಿ ಬಲಿಯುವುದಿಲ್ಲ. 2004ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾದ ಅಕ್ಕರ್ಮೇನ್ಸಿಯಾ ಎಂಬ ಬ್ಯಾಕ್ಟೀರಿಯಾದ ಕಥೆ ಇನ್ನೂ ವಿಚಿತ್ರ. ಅದರ ಊಟವೇ ಲೋಳೆ. ಆದರೂ ಬೆಲ್ಜಿಯಂನ ಪ್ಯಾಟ್ರಿಸ್ ಕಾನಿ ತಂಡ 2013ರಲ್ಲಿ ಅದನ್ನು ಬೊಜ್ಜಿನ ಇಲಿಗಳಿಗೆ ಕೊಟ್ಟಾಗ ತೆಳುವಾಗಿದ್ದ ಲೋಳೆ ಮತ್ತೆ ದಪ್ಪವಾಯಿತು!

ಹಾಗಾದರೆ ಕೆಡುವುದು ಎಲ್ಲಿ? ಊಟದ ತಟ್ಟೆಯಲ್ಲಿ. ಕಾಳು, ಸೊಪ್ಪು, ತವುಡು ತೆಗೆಯದ ಧಾನ್ಯಗಳ ನಾರು ನಮಗೆ ಜೀರ್ಣವಾಗದು. ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಬ್ಯುಟಿರೇಟ್ ತಯಾರಿಸುತ್ತವೆ, ಕರುಳಿನ ಕೋಶಗಳಿಗೆ ಅದೇ ಮುಖ್ಯ ಇಂಧನ. ನಾರು ಸಿಗದಿದ್ದರೆ, ಒಲೆಗೆ ಕಟ್ಟಿಗೆಯಿಲ್ಲದವನು ಬೇಲಿಯ ಗೂಟ ಕಿತ್ತಂತೆ, ಕೆಲವು ಬ್ಯಾಕ್ಟೀರಿಯಾಗಳು ಲೋಳೆಗೇ ಬಾಯಿ ಹಾಕುತ್ತವೆ. ಲಕ್ಸೆಂಬರ್ಗ್‌ನ ಮಹೇಶ್ ದೇಸಾಯಿ, ಅಮೆರಿಕದ ಎರಿಕ್ ಮಾರ್ಟೆನ್ಸ್ ಮತ್ತು ಸಂಗಡಿಗರು 2016ರಲ್ಲಿ ಇದನ್ನು ಇಲಿಗಳಲ್ಲಿ ಕಂಡರು. ಅವುಗಳ ಕರುಳಿನಲ್ಲಿ ನೆಲೆಗೊಳಿಸಿದ್ದು ಮನುಷ್ಯರ ಬ್ಯಾಕ್ಟೀರಿಯಾಗಳನ್ನೇ. ನಾರಿಲ್ಲದ ಆಹಾರ ತಿಂದ ಇಲಿಗಳ ಲೋಳೆ ಸವೆಯಿತು, ರೋಗಾಣು ಹೊಕ್ಕಾಗ ಕರುಳಿನ ಉರಿಯೂತ ಮಾರಕವಾಯಿತು. ಬೇರ್ಪಡಿಸಿ ಶುದ್ಧ ಮಾಡಿದ ನಾರನ್ನು ಬೆರೆಸಿದರೂ ಲೋಳೆ ಉಳಿಯಲಿಲ್ಲ. ಡಬ್ಬಿಯ ನಾರಿನ ಪುಡಿಯನ್ನು ಹುರುಳಿ ಸಾರಿನ ಬದಲಿ ಎಂದು ನಂಬುವವರು ಗಮನಿಸಬೇಕಾದ ಮಾತಿದು.

ಪ್ಯಾಕೆಟ್ಟಿನಲ್ಲಿ ಇನ್ನೊಂದು ತಕರಾರಿದೆ. ಐಸ್‌ಕ್ರೀಮಿನಂಥ ತಿನಿಸುಗಳ ಹದ ಕೆಡದಂತೆ ಬಳಸುವ ಐಎನ್‌ಎಸ್ 466 ಮತ್ತು 433 ಸಂಖ್ಯೆಯ ಪದಾರ್ಥಗಳು ಇಲಿಗಳ ಲೋಳೆಯನ್ನು ತೆಳುವಾಗಿಸಿದ್ದು 2015ರಲ್ಲಿ ವರದಿಯಾಯಿತು. ಇಲಿಗೆ ಆದದ್ದೆಲ್ಲ ಮನುಷ್ಯನಿಗೂ ಆಗಬೇಕೆಂದಿಲ್ಲ. ಆದರೂ ಲೇಬಲ್ ಓದುವುದಕ್ಕೆ ಖರ್ಚೇನೂ ಇಲ್ಲ.

ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸೀತು. ವಾರಕ್ಕಿಷ್ಟೆಂದು ಏರಿಸಿ, ನೀರು ಚೆನ್ನಾಗಿ ಕುಡಿಯಿರಿ. ಮಲದಲ್ಲಿ ರಕ್ತ ಕಂಡರೆ ಮಾತ್ರ ಮನೆಮದ್ದು ಮಾಡುತ್ತ ಕೂರಬೇಡಿ. ಈ ಲೋಳೆ ದುರ್ಬಲವಾಗುವ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಕಾಯಿಲೆಯ ಲಕ್ಷಣವೂ ಅದೇ. ಬೇಗ ವೈದ್ಯರನ್ನು ಕಾಣಿ.