ನಿಮಗಿದು ಗೊತ್ತೆ?: ಚಿಪ್ಪುಗಳು ತಾವೇ ಬಂದು ಸೇರುವ ದ್ವೀಪ

ಅಮೆರಿಕದ ಫ್ಲಾರಿಡಾ ಕರಾವಳಿಯ ಸ್ಯಾನಿಬೆಲ್ ದ್ವೀಪದ ಊರಿನಲ್ಲಿ ಒಂದೇ ಒಂದು ಟ್ರಾಫಿಕ್ ಸಿಗ್ನಲ್ ಇಲ್ಲ. 1963ರಲ್ಲಿ ಸೇತುವೆ ಬರುವವರೆಗೆ ಅಲ್ಲಿಗೆ ದೋಣಿಯೇ ಗತಿ. ಸೇತುವೆಯ ಹಿಂದೆಯೇ ಬಹುಮಹಡಿ ಕಟ್ಟಡಗಳ ಭೀತಿಯೂ ಬಂತು. 1974ರಲ್ಲಿ ನಿವಾಸಿಗಳು ತಮ್ಮದೇ ನಗರಾಡಳಿತ ರಚಿಸಿಕೊಂಡು ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿದರು. ಮೆಚ್ಚಬೇಕಾದ ದಿಟ್ಟತನ!

ಮಕ್ಕಳಿಗೆ ಇಲ್ಲಿನ ದೊಡ್ಡ ಆಕರ್ಷಣೆ ಚಿಪ್ಪು. ಈ ಕರಾವಳಿಯ ದ್ವೀಪಗಳು ಸಾಮಾನ್ಯವಾಗಿ ಉತ್ತರ–ದಕ್ಷಿಣವಾಗಿ ಚಾಚಿದ್ದರೆ, ಸ್ಯಾನಿಬೆಲ್ ಪೂರ್ವ–ಪಶ್ಚಿಮವಾಗಿ ಬಾಗಿದೆ. ಮೆಕ್ಸಿಕೊ ಕೊಲ್ಲಿಯ ಪ್ರವಾಹ ಹೊತ್ತು ತರುವ ಚಿಪ್ಪುಗಳನ್ನು ಈ ಬಾಗು ಮೊರದಂತೆ ಹಿಡಿದುಕೊಳ್ಳುತ್ತದೆ. ಕಡಲತಳ ನಿಧಾನವಾಗಿ ಇಳಿಜಾರಾಗುವುದರಿಂದ ಎಷ್ಟೋ ಚಿಪ್ಪುಗಳು ಒಡೆಯದೆ ದಡ ಸೇರುತ್ತವೆ. ಆಯಲು ಇಳಿತದ ಹೊತ್ತೇ ಒಳ್ಳೆಯದು. ಕಂದು ಚುಕ್ಕೆಗಳ ಅಪರೂಪದ ಜುನೋನಿಯಾ ಸಿಕ್ಕವರ ಫೋಟೊ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಗುವುದೂ ಉಂಟು!

ಆದರೆ ಒಳಗೆ ಜೀವವಿರುವ ಚಿಪ್ಪನ್ನು ಒಯ್ಯುವುದು ಕಾನೂನುಬಾಹಿರ. ಎತ್ತಿಕೊಳ್ಳುವ ಮೊದಲು ತಿರುಗಿಸಿ ನೋಡುವುದನ್ನು ಮಕ್ಕಳಿಗೆ ಹೇಳಿಕೊಡಲೇಬೇಕು. ಕಡಲಾಮೆಗಳು ಗೂಡು ಮಾಡುವ ಮೇ–ಅಕ್ಟೋಬರ್ ಅವಧಿಯಲ್ಲಿ ರಾತ್ರಿ ದಡದತ್ತ ದೀಪ ಬೆಳಗುವಂತಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಸೇತುವೆಗೆ ಹೋಗುವ ರಸ್ತೆಯನ್ನೇ ಹಲವೆಡೆ ಕೊಚ್ಚಿಹಾಕಿತು. ಹಗಲಿರುಳು ದುಡಿದ ಕಾರ್ಮಿಕರು ಸುಮಾರು ಮೂರೇ ವಾರಗಳಲ್ಲಿ ತಾತ್ಕಾಲಿಕ ದಾರಿ ಕಟ್ಟಿಕೊಟ್ಟರು.